ಬನ್ನೂರು ಕುರಿಗೆ ಕಾಳು ತಿನ್ನಿಸುವಾಗ

ಮೈಸೂರು ಜಿಲ್ಲೆಯ ಬನ್ನೂರಿನ ಹೆಸರು ಹೊತ್ತ ಕುರಿತಳಿಯು ಮಾಂಸದ ರುಚಿಗೆ ಪ್ರಸಿದ್ಧವಾದುದು. ಟಗರು ಬೇಗ ಕೊಬ್ಬಲೆಂದು ಮುಸುಕಿನ ಜೋಳವನ್ನು ಒಮ್ಮೆಲೇ ಹೆಚ್ಚು ತಿನ್ನಿಸುವುದು ಸರಿಯಲ್ಲ. ಹಿತಮಿತವಾಗಿ ಕೊಟ್ಟ ಕಾಳು ಮರಿಯ ಮೆಲುಕು ಹೊಟ್ಟೆಯ ಒಳಗೋಡೆಯನ್ನು ಬೆಳೆಸಿ, ಸಾರ ಹೀರುವ ಶಕ್ತಿಯನ್ನು ಹೆಚ್ಚಿಸುತ್ತದೆ. ದಿಢೀರನೆ ಏರಿಸಿದರೆ ಅಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿ ಗೋಡೆ ಹುಣ್ಣಾಗುತ್ತದೆ. ರೋಗಾಣುಗಳು ರಕ್ತದ ಮೂಲಕ ಯಕೃತ್ತನ್ನು ಸೇರಿ ಕೀವುಗಡ್ಡೆ ಉಂಟುಮಾಡುತ್ತವೆ. ಕುರಿ ಒಂದೆರಡು ದಿನಗಳಲ್ಲೇ ಸಾಯಲೂಬಹುದು. ಮಿತಿಮೀರಿದ ಕೊಬ್ಬು ಮೂತ್ರಪಿಂಡ, ಕರುಳುಗಳ ಸುತ್ತಲೂ ಶೇಖರವಾಗುವುದರಿಂದ, ತೂಕ ಹೆಚ್ಚಿದಷ್ಟು ಮಾಂಸ ದೊರೆಯದು.

ಆದುದರಿಂದ ಕಾಳನ್ನು 2–3 ವಾರಗಳಲ್ಲಿ ಹಂತಹಂತವಾಗಿ ಏರಿಸಿ, ಒಣಮೇವನ್ನು ತಪ್ಪದೆ ನೀಡತಕ್ಕದ್ದು. ಮದುವೆಮನೆಯಲ್ಲಿ ಉಳಿದ ಅನ್ನವನ್ನು ಕೊಟ್ಟಿಗೆಗೆ ಸುರಿಯುವುದೂ ಇದೇ ಅಪಾಯವನ್ನು ತರುತ್ತದೆ, ಹಸುಗಳಿಗೂ ಸಹ. ಮಾನ್ಯ ಸದಸ್ಯರು ಇದನ್ನು ಗ್ರಾಮಸಭೆಯಲ್ಲಿ ವಿವರಿಸಿ, ಮೇವು ಬಿಟ್ಟು ಹೊಟ್ಟೆಯುಬ್ಬಿದ ಜಾನುವಾರನ್ನು ತಡಮಾಡದೆ ಪಶುವೈದ್ಯರಿಗೆ ತೋರಿಸುವಂತೆ ತಿಳಿಸಲು ಕೋರಿದೆ.