ಹಡಗಿನಲ್ಲಿ ಎಷ್ಟು ಜನ ಹಿಡೀತಾರೆ? ಆಟದ ಮೇಜಿನ ಒಂದು ಲೆಕ್ಕಪಾಠ

ಕಳೆದ ಚಳಿಗಾಲದ ಶನಿವಾರಗಳಲ್ಲಿ ಹಾಸ್ಟೆಲ್ ಅಡುಗೆಮನೆಯ ಮೇಜಿನ ಸುತ್ತ ಕೂತು ನಾವು ಐದು ಜನ ‘ಟ್ರಾವೆಲರ್’ ಆಡುತ್ತಿದ್ದೆವು. 1977ರಲ್ಲಿ ಅಮೆರಿಕದಲ್ಲಿ ಹೊರಬಂದ ಈ ರೋಲ್‌ಪ್ಲೇಯಿಂಗ್ ಆಟಕ್ಕೆ ಕಾಗದ, ಪೆನ್ಸಿಲ್, ದಾಳ ಇದ್ದರೆ ಸಾಕು. ರೆಫರಿ ಒಂದು ಸನ್ನಿವೇಶ ಹೇಳುತ್ತಾರೆ; ಉಳಿದವರು ಪಾತ್ರಗಳಾಗಿ ಏನು ಮಾಡ್ತೀವಿ ಅಂತ ಹೇಳಬೇಕು.

ಒಂದು ರಾತ್ರಿ ನಮ್ಮ ರೆಫರಿ ಕೇಳಿದಳು: “ಗಣಿ ಕೆಲಸಗಾರರ ವಸತಿಯಲ್ಲಿ ಗಾಳಿಯ ಯಂತ್ರ ಕೆಟ್ಟಿದೆ. ಉಳಿದ ಗಾಳಿ ಒಂದು ದಿನಕ್ಕೆ ಸಾಕು. 240 ಜನ ಇದ್ದಾರೆ. ಎಷ್ಟು ಜನರನ್ನ ಹತ್ತಿಸ್ಕೋತೀರಾ?”

ನಮ್ಮದು ‘ಫ್ರೀ ಟ್ರೇಡರ್’ ಹಡಗು. ಒಟ್ಟು 200 ಟನ್, ಅದರಲ್ಲಿ ಸರಕಿಗೆ 82 ಟನ್. ನಮ್ಮಲ್ಲೊಬ್ಬ ಕೂಡಲೇ, “82 ಸಾವಿರ ಕೆಜಿ, ತಲೆಗೆ 70 ಕೆಜಿ. ಸಾವಿರದ ನೂರು ಜನ ಹಿಡೀತಾರೆ ಬಿಡ್ರೋ!” ಅಂದ. ಭಾಗಾಕಾರ ಸರಿ ಇತ್ತು, ಟನ್ ತಪ್ಪಾಗಿತ್ತು.

1. ಈ ಟನ್ ತೂಕವಲ್ಲ, ಜಾಗ

ಊರಲ್ಲಿ ಅಜ್ಜಿ ಸೇರಿನಲ್ಲಿ ಅಳೆಯೋದನ್ನ ನೆನಪು ಮಾಡಿಕೊಳ್ಳಿ. ಒಂದು ಸೇರು ಅಕ್ಕಿ, ಒಂದು ಸೇರು ಮಂಡಕ್ಕಿ: ಪಾತ್ರೆ ಒಂದೇ, ತೂಕ ಬೇರೆ. ಟ್ರಾವೆಲರ್‌ನ ‘ಡಿಸ್‌ಪ್ಲೇಸ್‌ಮೆಂಟ್ ಟನ್’ ಕೂಡ ಅಂಥದ್ದೇ ಪಾತ್ರೆ. ಒಂದು ಟನ್ ದ್ರವ ಹೈಡ್ರೋಜನ್ ಹಿಡಿಸುವಷ್ಟು ಜಾಗ ಅದು. ದ್ರವ ಹೈಡ್ರೋಜನ್ ಘನ ಮೀಟರಿಗೆ ಸುಮಾರು 71 ಕೆಜಿ ಮಾತ್ರ. ಹಾಗಾಗಿ ಒಂದು ಟನ್ ಅಂದರೆ ಸುಮಾರು 14 ಘನ ಮೀಟರ್.

ನಕ್ಷೆಯಲ್ಲಿ ಪ್ರತಿ ಮನೆ 1.5 ಮೀಟರ್ ಉದ್ದ, 1.5 ಮೀಟರ್ ಅಗಲ. ಎತ್ತರ 3 ಮೀಟರ್ ಅಂತ ಹಿಡಿದರೆ 6.75 ಘನ ಮೀಟರ್. ಎರಡು ಮನೆಗೆ 13.5. ಆದ್ದರಿಂದ ಎರಡು ಮನೆ ಸೇರಿದರೆ ಒಂದು ಟನ್ ಅಂತ ಇಟ್ಟುಕೊಳ್ಳಿ.

ನಮ್ಮ 82 ಟನ್ ಅಂದರೆ 164 ಮನೆ, ಸುಮಾರು 1,100 ಘನ ಮೀಟರ್. ಮನೆಗೊಬ್ಬರಂತೆ ಕೂರಿಸಿದರೆ 164 ಜನ. ಅದೇ ಜಾಗಕ್ಕೆ ಅಕ್ಕಿ ತುಂಬಿದರೆ ಸುಮಾರು 880 ಟನ್ ತೂಗುತ್ತೆ!

2. ಆಕಾರದಿಂದ ಘನಫಲ

ಚಿತ್ರ ಮಾತ್ರ ಇದ್ದಾಗ ಏನು ಮಾಡೋದು? ಉದ್ದ, ಅಗಲ, ಎತ್ತರ ಗುಣಿಸಿ ಪೆಟ್ಟಿಗೆಯ ಘನಫಲ ತೆಗೆಯಿರಿ. ಆಮೇಲೆ ಆಕಾರಕ್ಕೆ ತಕ್ಕಂತೆ ಕಡಿಮೆ ಮಾಡಿ:

ಸಿಲಿಂಡರ್: 0.79
ಗೋಳ ಅಥವಾ ಮೊಟ್ಟೆ: 0.52
ಬೆಣೆ: 0.5
ಶಂಕು: 0.26

ನೆನಪಿರಲಿ, ಆಕಾರ ಬದಲಿಸದೆ ಉದ್ದವನ್ನು ಎರಡು ಪಟ್ಟು ಮಾಡಿದರೆ ಘನಫಲ ಎಂಟು ಪಟ್ಟಾಗುತ್ತೆ.

3. ಸಾಂದ್ರತೆಯ ಪರೀಕ್ಷೆ

ಹಿಂದೊಮ್ಮೆ ನಾವೇ ಒಂದು ಯುದ್ಧನೌಕೆ ಬಿಡಿಸಿದ್ದೆವು: ಬೆಣೆಯಾಕಾರ, 1,000 ಮೀಟರ್ ಉದ್ದ, 200 ಅಗಲ, 100 ಎತ್ತರ. ತೂಕ 50,000 ಟನ್ ಅಂತ ಬರೆದು ಬೀಗಿದ್ದೆವು. ಲೆಕ್ಕ ಹಾಕಿ ನೋಡಿ: ಘನಫಲ ಒಂದು ಕೋಟಿ ಘನ ಮೀಟರ್, ಸಾಂದ್ರತೆ ಘನ ಮೀಟರಿಗೆ ಬರೀ 5 ಕೆಜಿ. ನಾವು ಉಸಿರಾಡೋ ಗಾಳಿಯೇ ಸುಮಾರು 1.2 ಕೆಜಿ ಇರುತ್ತೆ. ನಮ್ಮ ಭಯಂಕರ ನೌಕೆ ಥರ್ಮೋಕೋಲ್‌ಗಿಂತ ಹಗುರವಾಗಿತ್ತು.

ಹಾಗಾದರೆ ಎಷ್ಟಿರಬೇಕು? ನಿಜವಾದವುಗಳನ್ನು ನೋಡೋಣ. ಮುಳುಗಿದ ಜಲಾಂತರ್ಗಾಮಿಯ ಸಾಂದ್ರತೆ ನೀರಿನಷ್ಟೇ: ಘನ ಮೀಟರಿಗೆ ಸುಮಾರು 1 ಟನ್. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಹೊರಗಿನ ಸೌರ ಫಲಕಗಳೂ ಸೇರಿ ಸುಮಾರು 420 ಟನ್. ಗಾಳಿ ತುಂಬಿದ ಒಳಭಾಗ ಸುಮಾರು 1,000 ಘನ ಮೀಟರ್. ಅಂದರೆ 0.4ರ ಆಸುಪಾಸು. ನಿಮ್ಮ ಹಡಗು 0.2ರಿಂದ 1ರ ಒಳಗೆ ಬಂದರೆ ನಂಬಬಹುದು. ನಮ್ಮ ಯುದ್ಧನೌಕೆಗೆ 0.3 ಹಿಡಿದರೂ 30 ಲಕ್ಷ ಟನ್ ಆಗಬೇಕಿತ್ತು.

4. ಜಾಗ ಇದ್ದರೆ ಸಾಲದು

ಮತ್ತೆ ಆ 240 ಜನ. ಮನೆಗಿಬ್ಬರಂತೆ ಒತ್ತಿ ಕೂರಿಸಿದರೆ ಎಲ್ಲರೂ ಹಿಡೀತಾರೆ ಅಂತ ಖುಷಿಪಟ್ಟೆವು. ಆಗ ರೆಫರಿ, “ಗಾಳಿ?” ಅಂದಳು. ಹಡಗಿನ ಗಾಳಿ ಶುದ್ಧಿ ಮಾಡೋ ವ್ಯವಸ್ಥೆ ಇರೋದು ಕೋಣೆಗಳಲ್ಲಿರುವವರಿಗೆ, ಸರಕಿನ ಕೋಣೆಗಲ್ಲ.

ಒಬ್ಬರು ದಿನಕ್ಕೆ ಸುಮಾರು 1 ಕೆಜಿ ಕಾರ್ಬನ್ ಡೈಆಕ್ಸೈಡ್ ಹೊರಬಿಡ್ತಾರೆ. ಆ ಮುಚ್ಚಿದ ಜಾಗದಲ್ಲಿ 120 ಜನ ಒಂದು ದಿನ ಕೂತರೂ ಅದರ ಪ್ರಮಾಣ ಶೇ. 6ರ ಹತ್ತಿರ ಹೋಗುತ್ತೆ. ತಲೆನೋವು, ಏದುಸಿರು ಶುರುವಾಗುತ್ತೆ. ಬೇರೆ ನಕ್ಷತ್ರಕ್ಕೆ ಜಂಪ್ ಮಾಡಲು ಒಂದು ವಾರ ಬೇಕು. ಆದರೆ ಹತ್ತಿರದ ಗ್ರಹಕ್ಕೆ ಆರೇ ಗಂಟೆ, ಅಷ್ಟರಲ್ಲಿ ಶೇ. 1.5 ಮಾತ್ರ.

ಜಂಪ್ ಬಿಟ್ಟೆವು. 120ರಂತೆ ಎರಡು ಟ್ರಿಪ್ ಅಂತ ತೀರ್ಮಾನಿಸಿದೆವು. ಮೊದಲು ಮಕ್ಕಳು, ಕಾಯಿಲೆಯವರು. ಉಳಿದವರು “ನೀವು ವಾಪಸ್ ಬರ್ತೀರಾ?” ಅಂತ ಕೇಳಿದಾಗ ನಮ್ಮ ಹಡಗಿನ ಡಾಕ್ಟರ್ ಪಾತ್ರ ಅಲ್ಲೇ ಇಳಿದು ಉಳಿಯಿತು. ಸಾವಿರದ ನೂರರ ಲೆಕ್ಕ ನಂಬಿ ಎಲ್ಲರನ್ನೂ ತುಂಬಿಕೊಂಡು ಜಂಪ್ ಮಾಡಿದ್ದರೆ ಒಬ್ಬರೂ ಉಳಿಯುತ್ತಿರಲಿಲ್ಲ.

ನಿಮಗೊಂದು ಅಭ್ಯಾಸ

60 ಮೀಟರ್ ಉದ್ದ, 20 ಅಗಲ, 10 ಎತ್ತರದ ಬೆಣೆಯಾಕಾರದ ಹಡಗು. ಆಟದ ಟನ್ ಎಷ್ಟು? ಸಾಂದ್ರತೆ 0.4 ಆದರೆ ತೂಕ ಎಷ್ಟು?

ಉತ್ತರ: 6,000 ಘನ ಮೀಟರ್, ಸುಮಾರು 444 ಡಿಸ್‌ಪ್ಲೇಸ್‌ಮೆಂಟ್ ಟನ್, ತೂಕ 2,400 ಟನ್. ಎರಡೂ ಟನ್ನೇ, ಆದರೆ ಒಂದು ಸೇರು, ಇನ್ನೊಂದು ತಕ್ಕಡಿ.