ಅಳತೆಯ ಎಲ್ಲೆ

ತೂಗದೆ, ಅಳೆಯದೆ ವ್ಯಾಪಾರ ನಡೆಯದು, ವಿಜ್ಞಾನವೂ ನಡೆಯದು. ಭಾರ, ವೇಗ, ಉಷ್ಣತೆ ಮುಂತಾದವುಗಳನ್ನು ಅಂಕಿಗಳಲ್ಲಿ ಹೇಳಲು ಕಲಿತ ಮೇಲೆಯೇ ಮನುಷ್ಯನಿಗೆ ಪ್ರಕೃತಿಯ ಅನೇಕ ನಿಯಮಗಳು ಗೋಚರವಾದವು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧರಾದ ಬ್ರಿಟನ್ನಿನ ಭೌತವಿಜ್ಞಾನಿ ವಿಲಿಯಂ ಥಾಮ್ಸನ್ನರು 1883ರ ಒಂದು ಉಪನ್ಯಾಸದಲ್ಲಿ, ಅಂಕಿಗಳಲ್ಲಿ ಹೇಳಲಾಗದ ತಿಳಿವು ಅಪೂರ್ಣವಾದುದೆಂದು ಅಭಿಪ್ರಾಯಪಟ್ಟರು. ಈ ಮಾತಿನಲ್ಲಿ ಬಹಳಷ್ಟು ಸತ್ಯವಿದೆ. ಆದರೆ ಅಂಕಿ ದೊರೆತೊಡನೆಯೇ ತಿಳಿವು ಪೂರ್ಣವಾಗುವುದೇ? ವಿದ್ಯುತ್ತು ಮತ್ತು ಶಬ್ದಗಳಿಗೆ ಸಂಬಂಧಿಸಿದ ಕೆಲವು ನಿದರ್ಶನಗಳ ಮೂಲಕ ಈ ಪ್ರಶ್ನೆಯನ್ನು ವಿಚಾರಮಾಡೋಣ.

ಬಹಳ ದಿನ ಬಳಸಿದ ಟಾರ್ಚಿನ ಶುಷ್ಕಕೋಶವೊಂದನ್ನು ತೆಗೆದುಕೊಳ್ಳಿ. ಅದಕ್ಕೆ ವೋಲ್ಟ್‌ಮಾಪಕವನ್ನು ಜೋಡಿಸಿದರೆ ಮುಳ್ಳು 1.4 ವೋಲ್ಟಿನ ಸಮೀಪದಲ್ಲಿ ನಿಲ್ಲಬಹುದು. ಹೊಸ ಕೋಶ ತೋರಿಸುವುದು ಸುಮಾರು 1.5 ವೋಲ್ಟ್. ಅಂತರ ಅಲ್ಪವಾದುದು. ಆದರೂ ಹಳೆಯ ಕೋಶವನ್ನು ಟಾರ್ಚಿಗೆ ಹಾಕಿದರೆ ಬಲ್ಬು ಮಿಣುಕುತ್ತದೆಯೇ ಹೊರತು ಬೆಳಗುವುದಿಲ್ಲ. ಹಾಗಾದರೆ ಮಾಪಕ ಸುಳ್ಳು ಹೇಳಿತೇ? ಇಲ್ಲ. ವೋಲ್ಟ್‌ಮಾಪಕವು ಕೋಶದಿಂದ ಅತ್ಯಲ್ಪ ವಿದ್ಯುತ್ಪ್ರವಾಹವನ್ನು ಮಾತ್ರ ಸೆಳೆಯುತ್ತದೆ. ಬಲ್ಬಿಗೆ ಬೇಕಾಗುವ ಪ್ರವಾಹ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಕೋಶ ಹಳತಾದಂತೆ ಅದರ ಆಂತರಿಕ ರೋಧ ಹೆಚ್ಚುವುದರಿಂದ, ಪ್ರವಾಹ ಹರಿಯತೊಡಗಿದೊಡನೆ ವೋಲ್ಟೇಜು ಕುಸಿಯುತ್ತದೆ. ಕೋಶ ವಿಶ್ರಾಂತಿಯಲ್ಲಿರುವಾಗ ಅದರ ಸ್ಥಿತಿ ಏನೆಂದು ನಾವು ಕೇಳಿದೆವು. ಮಾಪಕವು ಅದಕ್ಕೆ ಸರಿಯಾದ ಉತ್ತರವನ್ನೇ ಕೊಟ್ಟಿತು. ಅದು ದುಡಿಯುವಾಗ ಹೇಗಿರುತ್ತದೆ ಎಂದು ನಾವು ಕೇಳಲಿಲ್ಲ.

ಶಬ್ದದ ವಿಷಯದಲ್ಲಿ ಈ ತೊಡಕು ಇನ್ನೂ ಹೆಚ್ಚು. ಏಕೆಂದರೆ ಅಲ್ಲಿ ಗಾಳಿಯ ಕಂಪನವಷ್ಟೇ ಅಲ್ಲದೆ ಅದನ್ನು ಕೇಳುವ ಕಿವಿಯೂ ಇದೆ. ಶಬ್ದದ ಮಟ್ಟವನ್ನು ಡೆಸಿಬೆಲ್ ಎಂಬ ಮಾನದಿಂದ ಅಳೆಯುತ್ತಾರೆ. ಸೆಕೆಂಡಿಗೆ 3,000 ಕಂಪನಗಳುಳ್ಳ ಸ್ವರವೊಂದು 40 ಡೆಸಿಬೆಲ್ ಮಟ್ಟದಲ್ಲಿದ್ದರೆ ಕಿವಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಅದೇ ಮಟ್ಟದಲ್ಲಿ ಸೆಕೆಂಡಿಗೆ 50 ಕಂಪನಗಳುಳ್ಳ ಸ್ವರವನ್ನು ಹೊರಡಿಸಿದರೆ ಬಹುಮಂದಿಗೆ ಅದು ಕೇಳಿಸುವುದೇ ಇಲ್ಲ. ಮಾಪಕಕ್ಕೆ ಎರಡೂ ಸಮಾನ. ಕಿವಿಗೆ ಒಂದು ಶಬ್ದ, ಇನ್ನೊಂದು ಮೌನ. ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ಅನೇಕ ಕೇಳುಗರನ್ನು ಪರೀಕ್ಷಿಸಿ, ಯಾವ ಸ್ವರ ಎಷ್ಟು ಪ್ರಬಲವಾಗಿದ್ದರೆ ಕಿವಿಗೆ ಸಮನಾಗಿ ತೋರುವುದೆಂಬುದನ್ನು 1933ರಲ್ಲಿ ರೇಖಾಚಿತ್ರಗಳಲ್ಲಿ ಪ್ರಕಟಿಸಿದರು. ಅನಂತರ ಬಂದ ಶಬ್ದಮಾಪಕಗಳಲ್ಲಿ ಕಿವಿಯ ಈ ಸ್ವಭಾವಕ್ಕೆ ಹೊಂದುವ ಏರ್ಪಾಡನ್ನು ಅಳವಡಿಸಲಾಯಿತು. ಇಲ್ಲಿ ಮಾಪಕವೇ ಕಿವಿಯಿಂದ ಪಾಠ ಕಲಿಯಿತು.

ಶಬ್ದವನ್ನು ಹಿಗ್ಗಿಸುವ ಆಂಪ್ಲಿಫೈಯರುಗಳ ಚರಿತ್ರೆಯಲ್ಲಿಯೂ ಇಂಥದೇ ಪ್ರಸಂಗವಿದೆ. 1960ರ ದಶಕದಲ್ಲಿ ನಿರ್ವಾತ ಕೊಳವೆಗಳ ಬದಲು ಟ್ರಾನ್ಸಿಸ್ಟರುಗಳನ್ನು ಬಳಸಿದ ಆಂಪ್ಲಿಫೈಯರುಗಳು ಮಾರುಕಟ್ಟೆಗೆ ಬಂದವು. ಪೂರ್ಣಶಕ್ತಿಯಲ್ಲಿ ಅಳೆದಾಗ ಅವುಗಳಲ್ಲಿ ಧ್ವನಿಯ ವಿಕೃತಿ ತೀರ ಕಡಿಮೆಯೆಂದು ಕಂಡುಬರುತ್ತಿತ್ತು. ಆದರೂ ಅವುಗಳಲ್ಲಿ ಕೆಲವು ಮೆಲುದನಿಯ ಸಂಗೀತವನ್ನು ಕರ್ಕಶವಾಗಿ ನುಡಿಸುತ್ತಿದ್ದವು. ಇದಕ್ಕೆ ಕಾರಣವಿತ್ತು. ಅವುಗಳಲ್ಲಿ ಅಲೆಯ ಮೇಲಿನ ಅರ್ಧವನ್ನು ಒಂದು ಟ್ರಾನ್ಸಿಸ್ಟರು, ಕೆಳಗಿನ ಅರ್ಧವನ್ನು ಇನ್ನೊಂದು ಟ್ರಾನ್ಸಿಸ್ಟರು ಹೊರುತ್ತವೆ. ಒಂದರಿಂದ ಇನ್ನೊಂದಕ್ಕೆ ಹೊರೆ ಬದಲಾಗುವಲ್ಲಿ ಸಣ್ಣದೊಂದು ಮುರುಕು ಉಂಟಾಗುತ್ತಿತ್ತು. ಹಂಡೆಯಷ್ಟು ಪಾಯಸಕ್ಕೆ ಬಿದ್ದ ಚಿಟಿಕೆ ಉಪ್ಪು ನಾಲಗೆಗೆ ತಿಳಿಯದು. ಒಂದು ಲೋಟ ಪಾಯಸಕ್ಕೆ ಬಿದ್ದರೆ ರುಚಿಯೇ ಕೆಡುವುದು. ಹಾಗೆಯೇ ಜೋರುದನಿಯಲ್ಲಿ ಮರೆಯಾಗುತ್ತಿದ್ದ ದೋಷ ಮೆಲುದನಿಯಲ್ಲಿ ಎದ್ದು ಕೇಳುತ್ತಿತ್ತು. ಮೆಲುದನಿಯಲ್ಲಿಯೂ ಅಳೆದು ನೋಡಿದಾಗ ಕಿವಿಯ ದೂರು ನಿಜವೆಂದು ಸ್ಥಿರಪಟ್ಟಿತು.

ನಮ್ಮ ದೇಶದ ತಂಬೂರಿಯ ಕಥೆಯೂ ಇಲ್ಲಿ ಸ್ಮರಣೀಯವಾದುದು. ತಂತಿಯೊಂದನ್ನು ಮೀಟಿದಾಗ ಮೂಲಸ್ವರದೊಡನೆ ಅನೇಕ ಉಪಸ್ವರಗಳು ಹೊಮ್ಮುತ್ತವೆ. ಒಂದು ಉಪಸ್ವರದಲ್ಲಿ ತಂತಿಯ ಯಾವ ಬಿಂದು ನಿಶ್ಚಲವಾಗಿರಬೇಕೋ ಅಲ್ಲಿಯೇ ಮೀಟಿದರೆ ಆ ಉಪಸ್ವರ ಹುಟ್ಟಲಾರದು ಎಂಬುದು ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಅವರ ಹೆಸರಿನಲ್ಲಿ ಪ್ರಸಿದ್ಧವಾದ ನಿಯಮ. ಆಗ ಕಲ್ಕತ್ತೆಯಲ್ಲಿ ಸಂಶೋಧನೆ ನಡೆಸುತ್ತಿದ್ದ, 1933ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದ ಸರ್ ಸಿ. ವಿ. ರಾಮನ್ನರು ತಂಬೂರಿಯ ನಾದವನ್ನು ಪರೀಕ್ಷಿಸಿದರು. ಹುಟ್ಟಬಾರದ ಉಪಸ್ವರ ಅದರಲ್ಲಿ ಬಲವಾಗಿ ಮೊಳಗುತ್ತಿತ್ತು! ರಾಮನ್ನರು ಕಿವಿಯ ಸಾಕ್ಷ್ಯವನ್ನು ತಳ್ಳಿಹಾಕಲಿಲ್ಲ, ಕಾರಣವನ್ನು ಅರಸಿದರು. ತಂಬೂರಿಯ ಕುದುರೆಯ ಮೇಲ್ಮೈ ಬಾಗಿದೆ. ಅದರ ಮೇಲೆ, ತಂತಿಯ ಕೆಳಗೆ, ವಾದಕರು ತೆಳುವಾದ ದಾರವೊಂದನ್ನು ಇಡುತ್ತಾರೆ. ಇದರಿಂದ ಕಂಪಿಸುವ ತಂತಿ ಕುದುರೆಯನ್ನು ಮತ್ತೆ ಮತ್ತೆ ಸೋಕುತ್ತದೆ, ಉಪಸ್ವರಗಳು ಸಮೃದ್ಧವಾಗುತ್ತವೆ. ಹಳೆಯ ನಿಯಮ ತಪ್ಪಲ್ಲ. ಅದು ತುದಿಗಳು ಸ್ಥಿರವಾಗಿ ಬಿಗಿದ ತಂತಿಗೆ ಹೇಳಿದ ನಿಯಮ. ಈ ಸಂಶೋಧನೆಯನ್ನು ರಾಮನ್ನರು 1921ರಲ್ಲಿ ಪ್ರಕಟಿಸಿದರು. ನಮ್ಮ ವಾದ್ಯಶಿಲ್ಪಿಗಳಾದರೋ ಯಾವ ಮಾಪಕದ ನೆರವೂ ಇಲ್ಲದೆ, ಕೇವಲ ಕೇಳಿ ಕೇಳಿ ಆ ಕುದುರೆಯನ್ನು ಮೊದಲೇ ರೂಪಿಸಿದ್ದರು.

ಹಾಗೆಂದು ಇಂದ್ರಿಯಗಳನ್ನು ಕಣ್ಣುಮುಚ್ಚಿ ನಂಬಬಹುದೇ? ಅದೂ ಸಲ್ಲದು. ಬೆಲೆ ಹೆಚ್ಚಾದ ಯಂತ್ರದ ಧ್ವನಿ ಇಂಪಾಗಿರುವಂತೆ ಮನಸ್ಸಿಗೆ ತೋರುತ್ತದೆ. ಎರಡು ಯಂತ್ರಗಳಲ್ಲಿ ತುಸು ಜೋರಾಗಿ ನುಡಿಯುವುದೇ ಉತ್ತಮವೆಂದು ಕಿವಿ ಮೋಸಹೋಗುತ್ತದೆ. ಆದುದರಿಂದ ವಿಜ್ಞಾನಿಗಳು ಎರಡರ ಧ್ವನಿಯನ್ನೂ ಸಮಮಟ್ಟಕ್ಕೆ ತಂದು, ಯಾವುದು ನುಡಿಯುತ್ತಿದೆಯೆಂದು ಕೇಳುಗರಿಗೆ ತಿಳಿಸದೆ ಪರೀಕ್ಷಿಸುತ್ತಾರೆ. ಶಿಸ್ತಿಗೆ ಒಳಪಟ್ಟ ಇಂದ್ರಿಯವೂ ಒಂದು ಮಾಪಕವೇ. ವಿದ್ಯುತ್ಪ್ರವಾಹವನ್ನು ಅಳೆಯುವ ಉಪಕರಣಗಳೇ ಇಲ್ಲದ 1770ರ ದಶಕದಲ್ಲಿ ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಷರು ಉಪ್ಪುನೀರಿನ ದ್ರಾವಣಗಳ ವಾಹಕತೆಯನ್ನು ತಮ್ಮ ದೇಹಕ್ಕೆ ತಗಲಿದ ಆಘಾತಗಳಿಂದಲೇ ಹೋಲಿಸಿ ನೋಡಿದರು. ಆ ಬರಹಗಳನ್ನು 1879ರಲ್ಲಿ ಪ್ರಕಟಿಸಿದ ಮ್ಯಾಕ್ಸ್‌ವೆಲ್ಲರು ಅವುಗಳ ನಿಖರತೆಗೆ ಬೆರಗಾದರು. ಇದು ಅಪಾಯಕರ ಪ್ರಯೋಗ, ಯಾರೂ ಅನುಕರಿಸತಕ್ಕದ್ದಲ್ಲ. ಆದರೆ ಒಂದೇ ಹೋಲಿಕೆಯನ್ನು ಬೇಸರವಿಲ್ಲದೆ ಮತ್ತೆ ಮತ್ತೆ ಪರೀಕ್ಷಿಸಿದ ಅವರ ತಾಳ್ಮೆ ಅನುಕರಣೀಯವಾದುದು.

ಮಾಪಕವು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತದೆ. ಏನನ್ನು ಕೇಳಬೇಕೆಂದು ಅದು ಹೇಳಿಕೊಡುವುದಿಲ್ಲ. ಆ ಹೊಣೆ ಮನುಷ್ಯನದು. ಅಂಕಿಗೂ ಅನುಭವಕ್ಕೂ ಹೊಂದಿಕೆಯಾಗದಿದ್ದಾಗ ಅವಸರದಿಂದ ಒಂದನ್ನು ಸುಳ್ಳೆನ್ನುವವನು ಏನನ್ನೂ ಕಲಿಯಲಾರನು. ನಾವು ಅಳೆದುದು ಯಾವುದನ್ನು, ಅಳೆಯದೆ ಬಿಟ್ಟುದು ಯಾವುದನ್ನು ಎಂದು ವಿಚಾರಿಸುವವನಿಗೆ ಆ ಹೊಂದಿಕೆಯಿಲ್ಲದ ಎಡೆಯಲ್ಲಿಯೇ ಹೊಸ ತಿಳಿವಿನ ಬಾಗಿಲು ತೆರೆಯುತ್ತದೆ.