ಎಳೆಯ ಆಟಗಾರನನ್ನು ದೊಡ್ಡವರ ತಂಡಕ್ಕೆ ಯಾವಾಗ ಸೇರಿಸಬೇಕು?

 

ಹೋಬಳಿ ಮಟ್ಟದ ಪಂದ್ಯಕ್ಕೆ ನಮ್ಮ ಶಾಲೆಯ ಫುಟ್‌ಬಾಲ್ ತಂಡ ಆರಿಸುವ ಸಮಯ ಬಂದಿದೆ. ಐದನೇ ತರಗತಿಯ ಒಬ್ಬ ಹುಡುಗ ಎಷ್ಟು ಚೆನ್ನಾಗಿ ಆಡ್ತಾನೆ ಅಂತ ನಿಮಗೆಲ್ಲಾ ಗೊತ್ತು. ಚೆಂಡು ಅವನ ಕಾಲಿಗೆ ಅಂಟಿಕೊಂಡ ಹಾಗೆ ಇರುತ್ತದೆ. ಅವನನ್ನು ತಗೋಬೇಕು ಅಂತ ಅರ್ಧ ಜನ, ಬೇಡ ಅಂತ ಅರ್ಧ ಜನ. ಬೇಡ ಅಂದವರಲ್ಲಿ ನಾನೂ ಒಬ್ಬ. "ಇನ್ನೂ ಚಿಕ್ಕೋನು, ಏಟು ಬೀಳುತ್ತೆ" ಅಂದೆ. ಆಗ ಪಿ.ಟಿ. ಮೇಷ್ಟ್ರು, "ಸುಮ್ನೆ ಜಗಳ ಆಡಬೇಡ. ದೊಡ್ಡ ದೊಡ್ಡ ತಂಡದವರು ಹೇಗೆ ತೀರ್ಮಾನ ಮಾಡಿದರು ಅಂತ ಓದು, ಗೋಡೆ ಪತ್ರಿಕೆಗೆ ಬರಿ" ಅಂದರು. ಓದಿ, ಮೇಷ್ಟ್ರನ್ನು ಕೇಳಿ ತಿಳಿದುಕೊಂಡಿದ್ದನ್ನು ಇಲ್ಲಿ ಬರೆದಿದ್ದೇನೆ.

1) ಪೆಲೆ: ಚಿಕ್ಕವನಾದರೂ ಆಡಿಸಿದರು

ಬ್ರೆಜಿಲ್ ದೇಶದ ಪೆಲೆ ಹುಟ್ಟಿದ್ದು 1940ರಲ್ಲಿ. 1956ರಲ್ಲಿ ಸ್ಯಾಂಟೋಸ್ ಎಂಬ ತಂಡಕ್ಕೆ ಮೊದಲ ಸಲ ಆಡಿದಾಗ ಅವರಿಗೆ 15 ವರ್ಷ. ಅದೂ ಬದಲಿ ಆಟಗಾರನಾಗಿ ಇಳಿದು, ಒಂದು ಗೋಲು ಹೊಡೆದರು. 1958ರಲ್ಲಿ ಸ್ವೀಡನ್ನಿನಲ್ಲಿ ವಿಶ್ವಕಪ್ ನಡೆಯಿತು. ಆಗ ಪೆಲೆಗೆ 17 ವರ್ಷ, ಮೊಣಕಾಲಿಗೆ ಪೆಟ್ಟು ಬೇರೆ. ತಂಡದ ಮನಃಶಾಸ್ತ್ರಜ್ಞರು 'ಇವನಿನ್ನೂ ಹುಡುಗುಬುದ್ಧಿಯವನು, ಆಡಿಸಬೇಡಿ' ಎಂಬ ಅಭಿಪ್ರಾಯ ಕೊಟ್ಟರಂತೆ. ಆದರೆ ತರಬೇತುದಾರ ಫಿಯೋಲಾ ಅದನ್ನು ಒಪ್ಪಲಿಲ್ಲ. ಹಾಗಂತ ಅವಸರವನ್ನೂ ಮಾಡಲಿಲ್ಲ. ಮೊದಲ ಎರಡು ಪಂದ್ಯದಲ್ಲಿ ಪೆಲೆಯನ್ನು ಹೊರಗೆ ಕೂರಿಸಿ, ಮೂರನೇ ಪಂದ್ಯದಲ್ಲಿ ಇಳಿಸಿದರು. ಆಮೇಲೆ ಪೆಲೆ ಸೆಮಿಫೈನಲ್‌ನಲ್ಲಿ 3 ಗೋಲು, ಫೈನಲ್‌ನಲ್ಲಿ 2 ಗೋಲು ಹೊಡೆದರು. ಬ್ರೆಜಿಲ್ ಗೆದ್ದಿತು.

ಇಷ್ಟು ಓದಿದ ಕೂಡಲೇ ನಾನು ಸೋತೆ ಅಂದುಕೊಂಡೆ. ಆದರೆ ಮುಂದಿನ ಕಥೆ ಬೇರೆ ಥರ ಇದೆ.

2) ಮರಡೋನಾ: ಚಿಕ್ಕವನೆಂದು ಬಿಟ್ಟರು

ಅರ್ಜೆಂಟೀನಾದ ಮರಡೋನಾ 16 ತುಂಬಲು ಹತ್ತು ದಿನ ಇರುವಾಗಲೇ, 1976ರ ಅಕ್ಟೋಬರ್ 20ರಂದು, ದೊಡ್ಡವರ ತಂಡದಲ್ಲಿ ಆಡಿದರು. ಮರುವರ್ಷ ದೇಶದ ತಂಡಕ್ಕೂ ಆಡಿದರು. 1978ರಲ್ಲಿ ವಿಶ್ವಕಪ್ ಅವರ ದೇಶದಲ್ಲೇ ನಡೆಯಿತು. ಕೊನೆಯ 22 ಜನರ ಪಟ್ಟಿ ಮಾಡುವಾಗ ತರಬೇತುದಾರ ಮೆನೊಟ್ಟಿ 17 ವರ್ಷದ ಮರಡೋನಾರನ್ನು ಕೈಬಿಟ್ಟರು. ಮರಡೋನಾ ತುಂಬಾ ಅತ್ತರು. ಅವರಿಲ್ಲದೆಯೂ ಅರ್ಜೆಂಟೀನಾ ಗೆದ್ದಿತು. ಆದರೆ ಮೆನೊಟ್ಟಿ ಅವರನ್ನು ಮರೆತುಬಿಡಲಿಲ್ಲ. 1979ರಲ್ಲಿ ಜಪಾನಿನಲ್ಲಿ ನಡೆದ ಕಿರಿಯರ ವಿಶ್ವಕಪ್‌ಗೆ ಅವರನ್ನೇ ನಾಯಕನನ್ನಾಗಿ ಮಾಡಿ ಕರೆದುಕೊಂಡು ಹೋಗಿ ಗೆದ್ದರು. 1986ರಲ್ಲಿ ಮರಡೋನಾ ನಾಯಕರಾಗಿ ದೊಡ್ಡ ವಿಶ್ವಕಪ್ಪನ್ನೇ ತಂದರು.

ಒಬ್ಬರನ್ನು ಆಡಿಸಿದರು, ಒಬ್ಬರನ್ನು ಬಿಟ್ಟರು. ಇಬ್ಬರ ವಯಸ್ಸೂ 17. ಇಬ್ಬರೂ ಮಹಾನ್ ಆಟಗಾರರಾದರು. ಹಾಗಾದರೆ ವಯಸ್ಸು ಒಂದನ್ನೇ ನೋಡಿದರೆ ಸಾಲದು ಅಂತ ಆಯ್ತಲ್ಲವೇ?

3) ಫ್ರೆಡ್ಡಿ ಅಡು: ಹೊಗಳಿಕೆ ಹೆಚ್ಚಾಯಿತು

ಘಾನಾದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಈ ಹುಡುಗ 2004ರಲ್ಲಿ ಬರೀ 14ನೇ ವಯಸ್ಸಿಗೆ ಅಲ್ಲಿನ ದೊಡ್ಡವರ ಲೀಗ್‌ನಲ್ಲಿ ಆಡಿದ. ಮುಂದಿನ ಪೆಲೆ ಇವನೇ ಎಂದು ಹೊಗಳಿದರು. ಆಮೇಲೆ ಅವನು ಅನೇಕ ದೇಶಗಳ ತಂಡ ಸುತ್ತಿದ. ಆದರೆ ಜನ ಅಂದುಕೊಂಡಷ್ಟು ಎತ್ತರಕ್ಕೆ ಏರಲಿಲ್ಲ. ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತೆ ಅನ್ನೋ ಗಾದೆ ಸರಿ. ಆದರೆ ಮೊಳಕೆಯನ್ನು ಹಿಡಿದು ಎಳೆದರೆ ಬೇಗ ಬೆಳೆಯುತ್ತಾ?

4) ಏನೇನು ನೋಡಬೇಕು?

ಅ) ಮೈ: 12ರಿಂದ 15 ವರ್ಷದೊಳಗೆ ಹುಡುಗರು ದಿಢೀರಂತ ಎತ್ತರ ಆಗ್ತಾರೆ. ಆದರೆ ಎಲ್ಲರೂ ಒಂದೇ ಸಲ ಆಗೋದಿಲ್ಲ. ಮೊದಲು ಮೂಳೆ ಉದ್ದವಾಗುತ್ತದೆ, ಸ್ನಾಯುವಿನ ಬಲ ಆಮೇಲೆ ಬರುತ್ತದೆ. ಆಗ ಹೆಚ್ಚು ಓಡಿಸಿದರೆ ಮೊಣಕಾಲಿನ ಕೆಳಗೆ ನೋವು ಬರಬಹುದು. ನೋವು ಅಂದರೆ ಆಡಿಸಬಾರದು.

ಆ) ಬುದ್ಧಿ: ಮೂರು ಜನರನ್ನು ದಾಟಿಸೋದು ಮಾತ್ರ ಆಟ ಅಲ್ಲ. ಯಾವಾಗ ಪಾಸ್ ಕೊಡಬೇಕು ಅಂತ ಗೊತ್ತಿರಬೇಕು.

ಇ) ಮನಸ್ಸು: ಚೆಂಡು ಕಳೆದುಕೊಂಡಾಗ ಸೊಂಟದ ಮೇಲೆ ಕೈ ಇಟ್ಟು ನಿಲ್ತಾನೋ, ಹಿಂದಕ್ಕೆ ಓಡಿ ಬರ್ತಾನೋ ನೋಡಬೇಕು. ಬೈಸಿಕೊಂಡರೆ ಮರುದಿನ ಅಭ್ಯಾಸಕ್ಕೆ ಬರ್ತಾನೋ ಇಲ್ಲವೋ ನೋಡಬೇಕು.

ಈ) ಸಮಯ: ಒಂದೇ ಸಲಕ್ಕೆ ಪೂರ್ತಿ ಪಂದ್ಯ ಆಡಿಸಬೇಕಾಗಿಲ್ಲ. ಸ್ಪೇನಿನ ಲಮೀನ್ ಯಮಾಲ್ 2023ರಲ್ಲಿ 15ನೇ ವಯಸ್ಸಿಗೆ ಬಾರ್ಸಿಲೋನಾ ತಂಡಕ್ಕೆ ಮೊದಲು ಆಡಿದ್ದು ಕೊನೆಯ ಕೆಲವೇ ನಿಮಿಷ. ತಂಡ ಆಗಲೇ ಗೆಲ್ಲುವ ಹಾದಿಯಲ್ಲಿತ್ತು. ಮರುವರ್ಷ ಅವನು ತನ್ನ ದೇಶದ ಜೊತೆ ಯೂರೋ ಕಪ್ ಗೆದ್ದ.

5) ನನ್ನ ತೀರ್ಮಾನ

ಇದನ್ನೆಲ್ಲಾ ಬರೆಯುವಾಗ ನನಗೆ ಒಂದು ವಿಷಯ ಚುಚ್ಚಿತು. ಆ ಹುಡುಗ ಆಡುವುದು ಎಡಗಡೆ ಮುಂದೆ. ಅದು ನನ್ನ ಜಾಗ. ಅವನು ಬಂದರೆ ಹೊರಗೆ ಕೂರಬೇಕಾದವನು ನಾನೇ. 'ಏಟು ಬೀಳುತ್ತೆ' ಅಂತ ನಾನು ಹೇಳಿದ್ದು ಅವನ ಕಾಲಿನ ಚಿಂತೆಯಿಂದ ಅಲ್ಲ, ನನ್ನ ಜಾಗದ ಚಿಂತೆಯಿಂದ. ಹಾಗೆಯೇ 'ಅವನನ್ನು ಪೂರ್ತಿ ಆಡಿಸಿ' ಅಂದವರೂ ಕಪ್ ನೋಡಿದರೇ ಹೊರತು ಅವನನ್ನು ನೋಡಲಿಲ್ಲ. ಆದ್ದರಿಂದ ಆರಿಸುವವರು ಮೊದಲು 'ನಾನು ಯಾರಿಗೋಸ್ಕರ ಹೇಳ್ತಿದ್ದೀನಿ?' ಅಂತ ತಮ್ಮನ್ನೇ ಕೇಳಿಕೊಳ್ಳಬೇಕು.

ಮೇಷ್ಟ್ರಿಗೆ ಇದನ್ನು ಹೇಳಿದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. ಮೊನ್ನೆ ಶನಿವಾರ ಹೈಸ್ಕೂಲ್ ಹುಡುಗರ ಜೊತೆ ಆಡುವಾಗ ಕೊನೆಯ ಹತ್ತು ನಿಮಿಷ ಅವನನ್ನು ಇಳಿಸಿದರು. ನಾನು ಹೊರಗೆ ಬಂದೆ. ಅವನು ಎರಡು ಸಲ ಬಿದ್ದ. ಒಂದು ಸಲ ಚೆಂಡು ಕಳೆದುಕೊಂಡ, ಆದರೆ ಹಿಂದಕ್ಕೆ ಓಡಿ ಬಂದು ಮತ್ತೆ ಕಸಿದುಕೊಂಡ. ಮೊಣಕೈ ತರಚಿತ್ತು. "ನೋವಾಯ್ತೇನೋ?" ಅಂದೆ. "ಇಲ್ಲಣ್ಣ, ನಾಳೆನೂ ಬರ್ಲಾ?" ಅಂದ.

ಹೋಬಳಿ ಪಂದ್ಯಕ್ಕೆ ಅವನು ಬದಲಿ ಆಟಗಾರನಾಗಿ ಬರಲಿ, ಹತ್ತು ನಿಮಿಷ ಆಡಲಿ ಎಂಬುದು ನನ್ನ ಅಭಿಪ್ರಾಯ. ನಿಮ್ಮ ಅಭಿಪ್ರಾಯವನ್ನೂ ಚೀಟಿಯಲ್ಲಿ ಬರೆದು ಮೇಷ್ಟ್ರ ಕೈಗೆ ಕೊಡಿ. ತಪ್ಪಿದ್ದರೆ ತಿದ್ದಿ.


7ನೇ ತರಗತಿಯ ವಿದ್ಯಾರ್ಥಿ